ಮಕ್ಕಳ ಕ್ಯಾನ್ಸರ್‌ಗೆ ಎಪಿಜೆನೆಟಿಕ್ ಔಷಧ ಚಿಕಿತ್ಸೆ

ಎಪಿಜೆನೆಟಿಕ್ ಔಷಧ ಚಿಕಿತ್ಸೆ ಎಂಬುದು ಡಿಎನ್‌ಎಯ ಅಕ್ಷರಕ್ರಮವನ್ನು ಬದಲಿಸದೆ, ವಂಶವಾಹಿಗಳ ಅಭಿವ್ಯಕ್ತಿಯನ್ನು ನಿಯಂತ್ರಿಸುವ ರಾಸಾಯನಿಕ ಗುರುತುಗಳನ್ನು ಮಾರ್ಪಡಿಸುವ ಚಿಕಿತ್ಸಾ ವಿಧಾನವಾಗಿದೆ. ಗ್ರಂಥವೊಂದರ ಅಕ್ಷರಗಳು ಹಾಗೆಯೇ ಉಳಿದು, ಕೆಲವು ಪುಟಗಳು ಮಾತ್ರ ಅಂಟಿಕೊಂಡು ಓದಲು ಬಾರದಂತಾಗುವ ಸ್ಥಿತಿಗೆ ಇದನ್ನು ಹೋಲಿಸಬಹುದು. ಆ ಪುಟಗಳನ್ನು ಬಿಡಿಸುವುದೇ ಈ ಔಷಧಗಳ ಉದ್ದೇಶ.

ಹಿನ್ನೆಲೆ

ವಯಸ್ಕರ ಕ್ಯಾನ್ಸರ್‌ಗಳಿಗೆ ಹೋಲಿಸಿದರೆ ಮಕ್ಕಳ ಗಡ್ಡೆಗಳಲ್ಲಿ ಡಿಎನ್‌ಎ ಉತ್ಪರಿವರ್ತನೆಗಳ ಸಂಖ್ಯೆ ಸಾಮಾನ್ಯವಾಗಿ ಕಡಿಮೆ. ಆದರೆ ಅವುಗಳಲ್ಲಿ ಹಲವು, ಎಪಿಜೆನೆಟಿಕ್ ನಿಯಂತ್ರಣದ ವಂಶವಾಹಿಗಳಲ್ಲಿಯೇ ಕಂಡುಬರುತ್ತವೆ. ಮಿದುಳಿನ ಕಾಂಡದಲ್ಲಿ ಬೆಳೆಯುವ ಮಾರಕ ಗ್ಲಿಯೋಮಾ ಗಡ್ಡೆಗಳಲ್ಲಿ ಹಿಸ್ಟೋನ್ ಎಚ್3 ಪ್ರೋಟೀನಿನ ಉತ್ಪರಿವರ್ತನೆಯಿರುವುದು 2012ರಲ್ಲಿ ವರದಿಯಾಯಿತು.

ರ‍್ಯಾಬ್ಡಾಯ್ಡ್ ಗಡ್ಡೆ

ಇದು ಹೆಚ್ಚಾಗಿ ಮೂರು ವರ್ಷದೊಳಗಿನ ಮಕ್ಕಳ ಮೂತ್ರಪಿಂಡ, ಮಿದುಳು ಅಥವಾ ಮೃದು ಅಂಗಾಂಶಗಳಲ್ಲಿ ಉಂಟಾಗುವ ಅಪರೂಪದ, ಉಗ್ರ ಸ್ವರೂಪದ ಗಡ್ಡೆ. 22ನೇ ವರ್ಣತಂತುವಿನ ಎಸ್‌ಎಂಎಆರ್‌ಸಿಬಿ1 ವಂಶವಾಹಿಯು ನಷ್ಟವಾಗುವುದೇ ಇದರ ಮೂಲವೆಂದು 1998ರಲ್ಲಿ ತಿಳಿದುಬಂದಿತು. ಸಹಜ ಸ್ಥಿತಿಯಲ್ಲಿ ಈ ವಂಶವಾಹಿಯ ಪ್ರೋಟೀನು ಇಝಡ್‌ಎಚ್2 ಎಂಬ ಕಿಣ್ವದ ಪ್ರಭಾವಕ್ಕೆ ಎದುರಾಗಿ ವರ್ತಿಸುವ ಸಂಕೀರ್ಣವೊಂದರ ಭಾಗವಾಗಿರುತ್ತದೆ. ಅದು ಇಲ್ಲವಾದಾಗ ಕಿಣ್ವವು ಹಿಸ್ಟೋನ್‌ಗಳಿಗೆ ಮೀಥೈಲ್ ಗುಂಪುಗಳನ್ನು ಸೇರಿಸುತ್ತ, ಜೀವಕೋಶವು ಪಕ್ವವಾಗಲು ಬೇಕಾದ ವಂಶವಾಹಿಗಳನ್ನು ಮೌನಗೊಳಿಸುತ್ತದೆ.

ಔಷಧಗಳು

ಇಝಡ್‌ಎಚ್2 ಕಿಣ್ವವನ್ನು ತಡೆಯುವ ಟಾಜೆಮೆಟೊಸ್ಟ್ಯಾಟ್ ಬಾಯಿಯ ಮೂಲಕ ಸೇವಿಸುವ ಔಷಧ. ಇದೇ ಪ್ರೋಟೀನಿನ ನಷ್ಟವು ಸಾಮಾನ್ಯವಾಗಿರುವ ಎಪಿಥೀಲಿಯಾಯ್ಡ್ ಸಾರ್ಕೋಮಾಕ್ಕೆ, 16 ವರ್ಷ ಮೇಲ್ಪಟ್ಟವರಲ್ಲಿ ಬಳಸಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2020ರ ಜನವರಿಯಲ್ಲಿ ತ್ವರಿತ ಅನುಮೋದನೆ ನೀಡಿತು. ಅದಕ್ಕೆ ಆಧಾರವಾದ ಪ್ರಯೋಗದ 62 ರೋಗಿಗಳಲ್ಲಿ ಶೇ. 15ರಷ್ಟು ಮಂದಿಯ ಗಡ್ಡೆಗಳು ಗಮನಾರ್ಹವಾಗಿ ಕುಗ್ಗಿದವು. ಡಿಎನ್‌ಎ ಮೀಥೈಲೀಕರಣವನ್ನು ತಗ್ಗಿಸುವ ಅಜಾಸಿಟಿಡಿನ್, ಮಕ್ಕಳಲ್ಲಿ ಕಾಣುವ ಜುವೆನೈಲ್ ಮೈಲೋಮೋನೋಸೈಟಿಕ್ ಲುಕೇಮಿಯಾ ಎಂಬ ರಕ್ತದ ಕ್ಯಾನ್ಸರ್‌ಗೆ 2022ರಲ್ಲಿ ಅಲ್ಲಿಯೇ ಅನುಮೋದನೆ ಪಡೆಯಿತು.

ಮಿತಿಗಳು ಮತ್ತು ಅಪಾಯಗಳು

ಈ ಗುರುತುಗಳು ಆರೋಗ್ಯವಂತ ಜೀವಕೋಶಗಳಿಗೂ ಅಗತ್ಯ. ಬೆಳೆಯುತ್ತಿರುವ ಮಗುವಿನ ದೇಹಕ್ಕಂತೂ ಇನ್ನೂ ಹೆಚ್ಚು ಅಗತ್ಯ. ಟಾಜೆಮೆಟೊಸ್ಟ್ಯಾಟ್ ಪ್ರಯೋಗದಲ್ಲಿದ್ದ ಮಗುವೊಂದಕ್ಕೆ ಲಿಂಫೋಮಾ ಎಂಬ ಎರಡನೆಯ ಕ್ಯಾನ್ಸರ್ ಕಾಣಿಸಿಕೊಂಡ ಕಾರಣ, 2018ರಲ್ಲಿ ಅಮೆರಿಕದಲ್ಲಿ ಹೊಸ ರೋಗಿಗಳ ಸೇರ್ಪಡೆಯನ್ನು ಕೆಲವು ತಿಂಗಳು ತಡೆಹಿಡಿಯಲಾಗಿತ್ತು. ಔಷಧ ನಿಲ್ಲಿಸಿದರೆ ಗುರುತುಗಳು ಮರಳಬಹುದು. ಗಡ್ಡೆಯು ಔಷಧಕ್ಕೆ ಪ್ರತಿರೋಧವನ್ನೂ ಬೆಳೆಸಿಕೊಳ್ಳಬಹುದು. ಆದುದರಿಂದ ಇವು ಶಸ್ತ್ರಚಿಕಿತ್ಸೆ, ಕೀಮೋಥೆರಪಿ ಹಾಗೂ ವಿಕಿರಣ ಚಿಕಿತ್ಸೆಗಳ ಸ್ಥಾನವನ್ನು ಆಕ್ರಮಿಸಿಲ್ಲ. ಅವುಗಳೊಡನೆ ಸಂಯೋಜಿಸುವ ಪ್ರಯೋಗಗಳು ನಡೆದಿವೆ.