ಅರಗಿನ ತಟ್ಟೆಯ ಸಾಕ್ಷ್ಯ

ಚರಿತ್ರಕಾರನು ಸಾಮಾನ್ಯವಾಗಿ ಬರಹವನ್ನು ನೆಚ್ಚುವನು. ಶಾಸನ, ದಫ್ತರ, ಕಾಗದಪತ್ರಗಳಲ್ಲಿ ಹೆಸರಿಲ್ಲದವರು ಅವನ ಕಣ್ಣಿಗೂ ಬೀಳುವುದು ಅಪರೂಪ. ಇಂಥ ಒಂದು ಸಮುದಾಯವು ತನ್ನ ಕಷ್ಟವನ್ನು ತನ್ನ ಕಂಠದಿಂದಲೇ ಹೇಳಿಟ್ಟುಹೋದ ನಿದರ್ಶನವು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ದೊರೆಯುತ್ತದೆ. ಅಲ್ಲಿಯ ದಕ್ಷಿಣ ಭಾಗದ ಕಪ್ಪು ಜನರು, ವಿದ್ಯುತ್ತಿನ ನೆರವಿಲ್ಲದ ಸಾದಾ ಗಿಟಾರ್ ವಾದ್ಯವನ್ನು ಮೀಟುತ್ತ ಹಾಡಿದ ‘ಬ್ಲೂಸ್’ ಎಂಬ ಹಾಡುಗಳೇ ಆ ಸಾಕ್ಷ್ಯ.

೧೮೬೫ರಲ್ಲಿ ಅಲ್ಲಿ ಗುಲಾಮಗಿರಿಯು ಕಾನೂನಿನಿಂದ ರದ್ದಾಯಿತು. ಆದರೆ ಮಿಸಿಸಿಪ್ಪಿಯ ಹತ್ತಿಯ ಹೊಲಗಳು ಬಹುಮಟ್ಟಿಗೆ ಬಿಳಿಯ ಒಡೆಯರ ಕೈಯಲ್ಲಿಯೇ ಉಳಿದುವು. ಬಿಡುಗಡೆ ಹೊಂದಿದವರ ಮಕ್ಕಳು ಬೆಳೆಯ ಪಾಲಿಗಾಗಿ ದುಡಿದು, ಸಾಲದಿಂದ ಮೇಲೇಳಲಾರದೆ ಬಾಳಿದರು. ಆ ಸೀಮೆಯ ಡಾಕರಿ ಎಂಬ ಹತ್ತಿಯ ಜಮೀನಿನಲ್ಲಿ ಬಹುಕಾಲ ಇದ್ದ ಚಾರ್ಲಿ ಪ್ಯಾಟನ್ ಎಂಬ ಗಾಯಕನು ೧೯೨೯ರ ಜೂನ್ ೧೪ರಂದು ಇಂಡಿಯಾನ ಪ್ರಾಂತದ ರಿಚ್ಮಂಡ್ ಪಟ್ಟಣಕ್ಕೆ ಹೋಗಿ ಒಂದೇ ದಿನದಲ್ಲಿ ೧೪ ಹಾಡುಗಳನ್ನು ಹಾಡಿದನು. ಹಾಡಿಸಿದವರು ‘ಪ್ಯಾರಮೌಂಟ್’ ಮುದ್ರೆಯವರು. ಇವರ ಮೂಲ ಕಸಬು ಕುರ್ಚಿ ಮಾಡುವುದು! ವಿಸ್ಕಾನ್ಸಿನ್ನಿನ ಆ ಕಂಪೆನಿಯು ಗ್ರಾಮಫೋನಿನ ಪೆಟ್ಟಿಗೆಗಳನ್ನೂ ಮಾಡುತ್ತಿದ್ದುದರಿಂದ, ಅದರ ಮೇಲೆ ಇಡುವ ತಟ್ಟೆಗಳ ವ್ಯಾಪಾರಕ್ಕೂ ಇಳಿದಿತ್ತು. ಚರಿತ್ರೆಯನ್ನು ಕಾಪಾಡುವ ಉದ್ದೇಶ ಅವರಿಗೆ ಇರಲಿಲ್ಲ.

ಆದರೂ ಚರಿತ್ರೆಯು ಆ ತಟ್ಟೆಗಳಲ್ಲಿ ಬಂದು ಕುಳಿತಿತು. ೧೯೨೭ರ ಏಪ್ರಿಲ್ ತಿಂಗಳಲ್ಲಿ ಮಿಸಿಸಿಪ್ಪಿ ನದಿಯ ಒಡ್ಡು ಒಡೆದು ಗ್ರೀನ್‌ವಿಲ್ ಮೊದಲಾದ ಊರುಗಳು ಮುಳುಗಿದುವು. ಒಡ್ಡಿನ ಮೇಲಿನ ಶಿಬಿರಗಳಲ್ಲಿ ಆಶ್ರಯ ಪಡೆದ ಕಪ್ಪು ಜನರನ್ನು ಬಂದೂಕಿನ ಕಾವಲಿನಲ್ಲಿಟ್ಟು ದುಡಿಸಿದರು; ಮನಬಂದ ಕಡೆಗೆ ಹೋಗಗೊಡಲಿಲ್ಲ. ಎರಡು ವರ್ಷಗಳ ತರುವಾಯ, ೧೯೨೯ರಲ್ಲಿ, ಪ್ಯಾಟನ್ ಈ ಪ್ರವಾಹವನ್ನು ಕುರಿತು ತಟ್ಟೆಯ ಎರಡು ಮೈಗಳನ್ನೂ ತುಂಬುವ ಒಂದು ಹಾಡನ್ನು ಹಾಡಿದನು. ಮುಳುಗಿದ ಊರುಗಳ ಹೆಸರುಗಳು ಅದರಲ್ಲಿ ಒಂದೊಂದಾಗಿ ಬರುತ್ತವೆ. ಗುಡ್ಡದ ಸೀಮೆಗೆ ಹೋಗಿ ಬದುಕೋಣವೆಂದರೆ ತನಗೆ ಅಲ್ಲಿಗೆ ತಡೆಯಿದೆ ಎಂಬ ಮಾತೂ ಬರುತ್ತದೆ. ಒಂದು ಮಾತಿನಲ್ಲಿ ಎಷ್ಟು ಅನ್ಯಾಯ ಅಡಗಿದೆಯೆಂಬುದನ್ನು ಆ ಶಿಬಿರಗಳ ವೃತ್ತಾಂತವನ್ನು ಬಲ್ಲವರು ಅರಿಯುವರು.

ಈ ಸಾಕ್ಷ್ಯವು ನಿಂತಿರುವುದು ಅರಗಿನ ಮೇಲೆ. ಆ ಕಾಲದ ತಟ್ಟೆಗಳನ್ನು ಅರಗಿಗೆ ಕಲ್ಲಿನ ಪುಡಿ ಮೊದಲಾದುವನ್ನು ಬೆರಸಿ ಒತ್ತುತ್ತಿದ್ದರು. ಲೋಕಕ್ಕೆ ಬೇಕಾದ ಅರಗಿನಲ್ಲಿ ಹೆಚ್ಚು ಪಾಲು ನಮ್ಮ ಭರತಖಂಡದ ಕಾಡುಗಳಿಂದಲೇ ಹೋಗುತ್ತಿತ್ತು. ಪ್ಯಾರಮೌಂಟಿನವರು ಬಳಸಿದ ಮಿಶ್ರಣವು ಅಗ್ಗದ್ದು. ಹೊಸ ತಟ್ಟೆಯಲ್ಲಿಯೂ ಸರಸರ ಸದ್ದು ಕೇಳಿಸುತ್ತಿತ್ತು. ೧೯೩೨ರ ಹೊತ್ತಿಗೆ ಅವರ ಧ್ವನಿಮುದ್ರಣವು ನಿಂತಿತು. ತಟ್ಟೆಗಳನ್ನು ಒತ್ತುವ ಲೋಹದ ಅಚ್ಚುಗಳು ಬಹುಪಾಲು ನಾಶವಾದುವು. ಪ್ಯಾಟನ್ ೧೯೩೪ರ ಏಪ್ರಿಲ್ ೨೮ರಂದು ತೀರಿಕೊಂಡನು. ಉಳಿದುವು, ಬಡವರು ಕೊಂಡು ಮನೆಗಳಲ್ಲಿ ಸವೆಯುವವರೆಗೆ ಹಾಕಿ ಕೇಳಿದ ತಟ್ಟೆಗಳು ಮಾತ್ರ. ಇವುಗಳಲ್ಲಿ ಕೆಲವಕ್ಕೆ ಒಂದೆರಡು ಪ್ರತಿಗಳೇ ಗತಿ.

ಇಂಥ ತಟ್ಟೆಗಳನ್ನು ಕೂಡಿಸಿ ಶುದ್ಧಪಡಿಸಿ ಹೊರತರುವ ಕೆಲಸವು ನಮ್ಮಲ್ಲಿಯ ಗ್ರಂಥಸಂಪಾದನೆಯನ್ನು ಹೋಲುತ್ತದೆ. ೨೦೦೧ರಲ್ಲಿ ಪ್ಯಾಟನ್ನನ ಮತ್ತು ಅವನ ಒಡನಾಡಿಗಳ ಹಾಡುಗಳು ಏಳು ಅಡಕ ಮುದ್ರಿಕೆಗಳಾಗಿ ಬಂದುವು. ಓಲೆಯ ಪ್ರತಿಗಳನ್ನು ತಾಳೆನೋಡುವಂತೆ ಇಲ್ಲಿಯೂ ಸಿಕ್ಕಿದ ಪ್ರತಿಗಳಲ್ಲಿ ಲೇಸಾದುದನ್ನು ಆರಿಸಬೇಕು. ಸವೆಯದೆ ಉಳಿದ ಗೆರೆಯ ಭಾಗಕ್ಕೆ ತಾಗುವ ಮುಳ್ಳನ್ನು ಹುಡುಕಬೇಕು. ತಟ್ಟೆ ತಿರುಗುವ ವೇಗವನ್ನು ಗೊತ್ತುಮಾಡಬೇಕು. ವೇಗ ತಪ್ಪಿದರೆ ಶ್ರುತಿಯು ಏರಿ ಗಾಯಕನ ಕಂಠವೇ ಬೇರೆಯಾಗುವುದು.

ಎಲ್ಲಕ್ಕಿಂತ ಕಷ್ಟವಾದುದು ಸದ್ದನ್ನು ಕಳೆಯುವ ಕೆಲಸ. ಗೀರಿನ ಚಟಪಟ ಶಬ್ದವನ್ನು ಈಗಿನ ಗಣಕಯಂತ್ರದಿಂದ ಬೇರ್ಪಡಿಸಬಹುದು. ಆದರೆ ಅರಗಿನ ಸರಸರ ಸದ್ದೂ ಗಾಯಕನ ಸಕಾರ ಷಕಾರಗಳೂ ತಂತಿಯ ಮೊನಚಾದ ನಾದವೂ ಒಂದೇ ಎತ್ತರದ ಸ್ವರಗಳಲ್ಲಿ ಬೆರೆತಿರುತ್ತವೆ. ಒಂದನ್ನು ಪೂರ್ತಿಯಾಗಿ ಒರಸಹೋದರೆ ಉಳಿದುವೂ ಅಳಿಯುತ್ತವೆ. ಪ್ಯಾಟನ್ನನ ಉಚ್ಚಾರಣೆಯು ಮೊದಲೇ ಒರಟು. ಅವನ ಕೆಲವು ಮಾತುಗಳ ವಿಷಯದಲ್ಲಿ ಬಲ್ಲವರಲ್ಲಿಯೇ ಒಮ್ಮತವಿಲ್ಲ. ಹೀಗಿರಲು ಕಿವಿಗೆ ಹಿತವಾಗಲೆಂದು ವ್ಯಂಜನಗಳನ್ನು ಸವರಿಬಿಡುವುದು, ಅರ್ಥವಾಗದ ಪದವನ್ನು ತಿದ್ದಿ ಬರೆದ ಲಿಪಿಕಾರನ ತಪ್ಪಿಗೆ ಸಮಾನವಾದುದು. ಪ್ರವಾಹದ ಹಾಡಿನಲ್ಲಿ ‘ತಡೆ’ಯೆಂಬ ಆ ಒಂದು ಮಾತು ಅಳಿದರೆ ಉಳಿಯುವುದು ನೀರಿನ ವರ್ಣನೆ, ಅಳಿಯುವುದು ಮನುಷ್ಯನ ದೂರು.

ಆದುದರಿಂದ ಇಂಥ ಸಂಗ್ರಹಗಳನ್ನು ಕೇಳುವವರು ಸ್ವಲ್ಪ ಸದ್ದನ್ನು ಸಹಿಸಿಕೊಳ್ಳುವುದೇ ಯುಕ್ತ. ಆ ಸದ್ದೆಲ್ಲವೂ ಕೊಳೆಯಲ್ಲ. ತಮ್ಮವನೊಬ್ಬನ ದನಿಯನ್ನು ಕೇಳಬೇಕೆಂದು ದುಡಿಮೆಯ ಹಣವನ್ನು ಕೊಟ್ಟು ಕೊಂಡವರು ಮತ್ತೆ ಮತ್ತೆ ಮುಳ್ಳಿಟ್ಟು ಕೇಳಿದ ಗುರುತೂ ಅದರಲ್ಲಿ ಸೇರಿದೆ. ಹಾಡಿದವನ ಸಾಕ್ಷ್ಯದೊಡನೆ ಕೇಳಿದವರ ಸಾಕ್ಷ್ಯವೂ ಒಂದೇ ಗೆರೆಯಲ್ಲಿ ಉಳಿದುಬಂದಿದೆ.