ಗಾಯ ಕಾಣದ ಸೈನಿಕರು



'ಗಂಡು ಹುಡುಗನಾಗಿ ಅಳುತ್ತೀಯಾ?' ಎಂಬ ಮಾತನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಥದೇ ನಂಬಿಕೆ ಸಾವಿರಾರು ಸೈನಿಕರ ಬಾಯಿ ಕಟ್ಟಿತ್ತು. ಆ ಚರಿತ್ರೆಯನ್ನು ಸ್ವಲ್ಪ ನೋಡೋಣ.

1914ರಲ್ಲಿ ಯುದ್ಧ ಆರಂಭವಾದ ಕೆಲವೇ ತಿಂಗಳಲ್ಲಿ ಬ್ರಿಟಿಷ್ ಸೇನೆಯ ವೈದ್ಯರಿಗೆ ವಿಚಿತ್ರ ರೋಗಿಗಳು ಎದುರಾದರು. ಮೈಮೇಲೆ ಗಾಯವಿಲ್ಲ, ಆದರೆ ಮಾತು ನಿಂತಿದೆ, ಕೈಕಾಲು ನಡುಗುತ್ತಿದೆ, ಕಣ್ಣು ಮುಚ್ಚಿದರೆ ದುಃಸ್ವಪ್ನ. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ಮನಶ್ಶಾಸ್ತ್ರಜ್ಞರು 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನು 'ಷೆಲ್ ಷಾಕ್' ಎಂದು ಕರೆದರು. ಸ್ಫೋಟದಿಂದ ನರಮಂಡಲಕ್ಕೆ ಪೆಟ್ಟಾಗಿರಬೇಕೆಂದು ಮೊದಲು ಊಹಿಸಿದ್ದರು. ಆದರೆ ಸ್ಫೋಟದ ಸಮೀಪ ಇರದವರಲ್ಲೂ ಅದೇ ಲಕ್ಷಣಗಳು ಕಂಡುಬಂದವು. ಪೆಟ್ಟು ಬಿದ್ದದ್ದು ಮನಸ್ಸಿಗೆ ಎಂಬುದು ಕ್ರಮೇಣ ಸ್ಪಷ್ಟವಾಯಿತು.

ಸೇನೆಯಲ್ಲಿ ಅನೇಕರು ಇದನ್ನು ಹೇಡಿತನವೆಂದೇ ಬಗೆದರು. ಪಲಾಯನ, ಹೇಡಿತನ ಮೊದಲಾದ ಆರೋಪಗಳ ಮೇಲೆ ಗುಂಡಿಗೆ ಬಲಿಯಾದ 306 ಮಂದಿಯಲ್ಲಿ ಈ ಕಾಯಿಲೆಯಿಂದ ನರಳುತ್ತಿದ್ದವರೂ ಇದ್ದರು. ಅವರಿಗೆ ಕ್ಷಮಾದಾನ ಸಿಕ್ಕಿದ್ದು 2006ರಲ್ಲಿ! ಲಂಡನ್ನಿನ ವೈದ್ಯ ಲೂಯಿಸ್ ಯೇಲ್ಯಾಂಡ್, ಮಾತು ನಿಂತವರ ಗಂಟಲಿಗೆ ವಿದ್ಯುತ್ ಹಾಯಿಸಿ ಬಲವಂತವಾಗಿ ಮಾತನಾಡಿಸುತ್ತಿದ್ದರು.

ಇನ್ನೊಂದು ದಾರಿ ಹಿಡಿದವರು ಡಬ್ಲ್ಯು. ಎಚ್. ಆರ್. ರಿವರ್ಸ್. ಇವರು ನಮಗೆ ತೀರಾ ಅಪರಿಚಿತರಲ್ಲ. 1901-02ರಲ್ಲಿ ನಮ್ಮ ನೆರೆಯ ನೀಲಗಿರಿಗೆ ಬಂದು, ತೊದವರ ನಡುವೆ ಕುಳಿತು ಅವರ ವಂಶಾವಳಿಗಳನ್ನು ಕೇಳಿ ಬರೆದುಕೊಂಡ ವಿದ್ವಾಂಸರು ಇವರೇ. 1916ರಲ್ಲಿ ಎಡಿನ್‌ಬರೋ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಸೇನಾ ಆಸ್ಪತ್ರೆ ಸೇರಿದ ಅವರು ರೋಗಿಗಳ ಮಾತನ್ನು ತಾಳ್ಮೆಯಿಂದ ಕೇಳತೊಡಗಿದರು. 'ಎಲ್ಲ ಮರೆತುಬಿಡು' ಎಂಬ ಸಲಹೆಯೇ ನೋವನ್ನು ಹೆಚ್ಚಿಸುತ್ತದೆ ಎಂಬುದು ಅವರ ಅನುಭವ. ಒಬ್ಬ ಅಧಿಕಾರಿಗೆ ಛಿದ್ರವಾದ ಗೆಳೆಯನ ದೇಹ ಪ್ರತಿರಾತ್ರಿ ಕನಸಿನಲ್ಲಿ ಕಾಡುತ್ತಿತ್ತು. ಅಂಥ ಸಾವು ಕ್ಷಣಮಾತ್ರದಲ್ಲಿ ಬಂದಿರಬೇಕು, ಗೆಳೆಯ ನರಳಿರಲಾರ ಎಂದು ರಿವರ್ಸ್ ತೋರಿಸಿಕೊಟ್ಟರು. ನೆನಪು ಅಳಿಯಲಿಲ್ಲ, ಆದರೆ ಅದನ್ನು ಹೊರುವ ಶಕ್ತಿ ಬಂತು.

ಈ ವಿಧಾನಕ್ಕೂ ಮಿತಿಗಳಿದ್ದವು. ಕೆಲವು ನೆನಪುಗಳಲ್ಲಿ ಸಮಾಧಾನದ ಎಳೆಯೇ ಸಿಗದೆಂದು ರಿವರ್ಸ್ ಒಪ್ಪಿದ್ದರು. ಕ್ರೇಗ್‌ಲಾಕ್‌ಹಾರ್ಟ್ ಅಧಿಕಾರಿಗಳ ಆಸ್ಪತ್ರೆ. ಸಾಮಾನ್ಯ ಸಿಪಾಯಿಗೆ ಅಲ್ಲಿ ಪ್ರವೇಶವಿರಲಿಲ್ಲ. ಗುಣವಾದವರಲ್ಲಿ ಹಲವರು ಮತ್ತೆ ರಣರಂಗಕ್ಕೇ ಹೋದರು. ಅದೇ ಆಸ್ಪತ್ರೆಯಲ್ಲಿ ಆರ್ಥರ್ ಬ್ರಾಕ್ ಎಂಬ ವೈದ್ಯರಿಂದ ಚಿಕಿತ್ಸೆ ಪಡೆದ ಕವಿ ವಿಲ್ಫ್ರೆಡ್ ಓವನ್, ಯುದ್ಧ ನಿಲ್ಲಲು ಒಂದೇ ವಾರವಿದ್ದಾಗ, 1918ರ ನವೆಂಬರ್ 4ರಂದು ಮಡಿದರು.

ವಿಯೆಟ್ನಾಂ ಯುದ್ಧದ ನಂತರ, 1980ರಲ್ಲಿ, ಅಮೆರಿಕದ ಮನೋವೈದ್ಯರ ಸಂಘವು ಆಘಾತದ ನಂತರದ ಈ ಮಾನಸಿಕ ತೊಂದರೆಯನ್ನು ತನ್ನ ರೋಗಪಟ್ಟಿಗೆ ಸೇರಿಸಿತು. ಇಂದು ಮಾತಿನ ಚಿಕಿತ್ಸೆಗೆ ಹಲವು ಪರೀಕ್ಷಿತ ವಿಧಾನಗಳಿವೆ. ನಮ್ಮಲ್ಲಿ 2022ರಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದ 'ಟೆಲಿ ಮಾನಸ್' ಸೇವೆಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು.

ಮುಂದೆ ನಿಮ್ಮ ಅಣ್ಣನೋ ತಂದೆಯೋ ಸಹಪಾಠಿಯೋ ಮೌನವಾದಾಗ 'ಧೈರ್ಯವಾಗಿರು' ಎಂದಷ್ಟೇ ಹೇಳಿ ಎದ್ದುಹೋಗಬೇಡಿ. ಏನಾಯಿತೆಂದು ಕೇಳಿ; ಅವರು ಹೇಳಿ ಮುಗಿಸುವವರೆಗೆ ಕುಳಿತಿರಿ.