ಮರಾಮಾ

ಆಫ್ರಿಕ ಖಂಡದ ದಕ್ಷಿಣಭಾಗದಲ್ಲಿ, ಕಲಹರಿಯ ಮರಳುನೆಲವನ್ನೊಳಗೊಂಡ ಬೋಟ್ಸ್ವಾನಾ, ನಮೀಬಿಯಾ ಮೊದಲಾದ ದೇಶಗಳಲ್ಲಿ ತಾನೇ ತಾನಾಗಿ ಬೆಳೆದು ನೆಲದ ಮೇಲೆ ಹಬ್ಬುವ ಬಳ್ಳಿ. ಸಸ್ಯಶಾಸ್ತ್ರೀಯ ನಾಮ ಟೈಲೊಸೆಮ ಎಸ್ಕುಲೆಂಟಮ್. ನಮ್ಮ ಮಂದಾರಕ್ಕೆ ಇದು ಹತ್ತಿರದ ಸಂಬಂಧಿ. ಎಲೆಯೂ ಅದರಂತೆಯೇ ಎರಡು ಹಾಲೆಗಳಾಗಿ ಸೀಳಿರುತ್ತದೆ.

1811ರಲ್ಲಿ ಆಫ್ರಿಕದ ಒಳನಾಡಿಗೆ ಪ್ರಯಾಣಮಾಡಿದ ಇಂಗ್ಲಿಷ್ ಸಸ್ಯಶಾಸ್ತ್ರಜ್ಞ ವಿಲಿಯಂ ಬರ್ಚೆಲ್, 1824ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದ ಎರಡನೆಯ ಸಂಪುಟದಲ್ಲಿ, ಇದನ್ನು ಮಂದಾರದ ಕುಲವಾದ ಬೌಹಿನಿಯದಲ್ಲಿ ಸೇರಿಸಿದನು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅದು ಟೈಲೊಸೆಮ ಕುಲಕ್ಕೆ ವರ್ಗಾವಣೆಗೊಂಡಿತು. ಹಳೆಯ ಮತ್ತು ಹೊಸ ಗ್ರಂಥಗಳು ಹೇಳುವುದು ಒಂದೇ ಸಸ್ಯವನ್ನು ಕುರಿತೆಂಬುದನ್ನು ಓದುಗರು ಗಮನಿಸಬೇಕು.

ಈ ಸಸ್ಯದ ನಿಜವಾದ ಇತಿಹಾಸವು ಗ್ರಂಥಗಳಿಗಿಂತ ಬಹು ಪೂರ್ವದಿಂದ ಆ ನಾಡಿನ ಮೂಲನಿವಾಸಿಗಳಾದ ಸಾನ್ ಜನರ ಕೈಯಲ್ಲಿ ನಡೆದುಬಂದುದಾಗಿದೆ. ಬೀಜವನ್ನು ಬಿಸಿ ಬೂದಿಯಲ್ಲಿ ಹುರಿದು ಸಿಪ್ಪೆಯೊಡೆದು ತಿನ್ನುವ ಅವರು, ಎಳೆಯ ಗೆಡ್ಡೆಯನ್ನು ಅಗೆದು ಸುಟ್ಟೋ ಬೇಯಿಸಿಯೋ ಉಣ್ಣುತ್ತಾರೆ. ಬಲಿತು ನಾರಾದ ಗೆಡ್ಡೆಯಾದರೋ ಆಹಾರಕ್ಕೆ ಒದಗದಿದ್ದರೂ, ಕೆರೆ ಹೊಳೆಗಳಿಲ್ಲದ ಆ ನಾಡಿನಲ್ಲಿ ನೀರಿನ ಆಸರೆಯಾಗುತ್ತದೆ. ಬೋಟ್ಸ್ವಾನಾದಲ್ಲಿ ದೊರೆತ ಒಂದು ಗೆಡ್ಡೆ 277 ಕಿಲೋಗ್ರಾಂ ತೂಗಿದುದು, ಅದರಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರೇ ಇದ್ದುದು ದಾಖಲಾಗಿದೆ. 1960ರ ದಶಕದಲ್ಲಿ ಸಾನರ ಒಂದು ಪಂಗಡವಾದ ಕುಂಗ್ ಜನರ ನಡುವೆ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞ ರಿಚರ್ಡ್ ಲೀ, ಅವರ ಆಹಾರದಲ್ಲಿ ಬೇಟೆಗಿಂತಲೂ ಹೆಂಗಸರು ಸಂಗ್ರಹಿಸಿ ತರುವ ಸಸ್ಯಗಳ ಪಾಲೇ ಹೆಚ್ಚೆಂದು ತೋರಿಸಿದನಾದರೂ, ಅಗ್ರಸ್ಥಾನ ದೊರೆತುದು ಮೊಂಗೊಂಗೊ ಎಂಬ ಮರದ ಬೀಜಕ್ಕೆ. ಮರಾಮಾದ ಹೆಸರು ಅದರ ಹಿಂದೆ ನಿಂತಿತು.

1979ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯು ಉಷ್ಣವಲಯದ ದ್ವಿದಳ ಸಸ್ಯಗಳನ್ನು ಕುರಿತು ಹೊರತಂದ ಗ್ರಂಥದಲ್ಲಿ ಮರಾಮಾಕ್ಕೂ ಸ್ಥಾನ ದೊರೆತ ಮೇಲೆ ಟೆಕ್ಸಾಸಿನ ಒಣನೆಲದಲ್ಲಿ ಕೃಷಿಪ್ರಯೋಗಗಳು ಪ್ರಕಟಗೊಂಡವು; ಈಚೆಗೆ ನಮೀಬಿಯಾದ ಮತ್ತು ಅಮೆರಿಕದ ವಿದ್ವಾಂಸರು ಅದರ ಆನುವಂಶಿಕ ರಚನೆಯನ್ನು ಶೋಧಿಸುತ್ತಿದ್ದಾರೆ. ಬೀಜದಲ್ಲಿ ಮೂರನೆಯ ಒಂದು ಭಾಗದಷ್ಟು ಪ್ರೋಟೀನೂ ಅದಕ್ಕೆ ಸಮೀಪದ ಪ್ರಮಾಣದ ಎಣ್ಣೆಯೂ ಇರುವುದೇ ಈ ಆಸಕ್ತಿಗೆ ಕಾರಣ. ದ್ವಿದಳ ಸಸ್ಯವಾಗಿಯೂ ಸಾರಜನಕವನ್ನು ಒದಗಿಸುವ ಬೇರುಗಂಟುಗಳಿಲ್ಲದೆ ಅಷ್ಟು ಪ್ರೋಟೀನನ್ನು ಅದು ಕೂಡಿಸಿಕೊಳ್ಳುವುದು ವಿಶೇಷ ಗಮನಕ್ಕೆ ಅರ್ಹವಾಗಿದೆ.

ಆದರೆ ಈ ಸಂಶೋಧನೆ ಬಹುಮಟ್ಟಿಗೆ ಬೀಜವನ್ನೇ ಹಿಂಬಾಲಿಸಿದ್ದು, ಗೆಡ್ಡೆಗೆ ಅಲ್ಪ ಗಮನವನ್ನಷ್ಟೇ ನೀಡಿದೆ. ಚಳಿಗಾಲದಲ್ಲಿ ಬಳ್ಳಿ ಒಣಗಿದಾಗ ಜೀವವನ್ನು ಕಾಯ್ದಿಟ್ಟು ಮತ್ತೆ ಚಿಗುರಿಸುವುದು ಗೆಡ್ಡೆಯೇ ಆಗಿರುವುದರಿಂದ, ಅದನ್ನು ಅಗೆದು ತೆಗೆದಲ್ಲಿ ಮುಂದಿನ ವರ್ಷಗಳ ಬೀಜವೂ ಕೈತಪ್ಪುತ್ತದೆ. ಬಿತ್ತಿದ ಗಿಡ ಹೂಬಿಡಲು ಎರಡರಿಂದ ನಾಲ್ಕು ವರ್ಷಗಳು ಬೇಕಾಗುವುವಾದ್ದರಿಂದ ಈ ನಷ್ಟ ಬೇಗನೆ ತುಂಬುವಂಥದಲ್ಲ. ಮರಾಮಾ ಇಂದಿಗೂ ಪ್ರಧಾನವಾಗಿ ಕಾಡಿನಿಂದಲೇ ಸಂಗ್ರಹಿಸಲ್ಪಡುವ ಸಸ್ಯವಾಗಿದೆ.